ಪಾತ್ರೆಯ ವಾಸನೆ

ನನ್ನ ಅಪ್ಪನ ಮನೆಯಲ್ಲಿ ವಾದ ಅನ್ನುವುದು ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅದಿಲ್ಲದೆ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದು, ಮೈಸೂರಿನ ಕಾಲೇಜೊಂದರಲ್ಲಿ ಗ್ರೀಕ್ ತತ್ವಶಾಸ್ತ್ರ ಪಾಠ ಮಾಡುತ್ತಿದ್ದ ನಾನು, ಗಂಡನಿಗೆ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕಿದ್ದರಿಂದ ಪಕ್ಕದ ಊರು ಮೇನೂತ್‌ಗೆ ಬಂದು ಮನೆಯಲ್ಲಿ ಕೂತೆ. ಚಳಿಗೆ ಸ್ವೆಟರ್ ಸಿಕ್ಕಿತು. ವಾದಕ್ಕೆ ಜನ ಸಿಗಲಿಲ್ಲ. ಇಲ್ಲಿ ಏನು ಹೇಳಿದರೂ ‘ಗ್ರ್ಯಾಂಡ್’, ಚೆನ್ನಾಗಿದೆ, ಅನ್ನುತ್ತಾರೆ. ಮಳೆ ಬಂದರೂ ಗ್ರ್ಯಾಂಡ್, ಬಸ್ಸು ತಪ್ಪಿದರೂ ಗ್ರ್ಯಾಂಡ್. ಹಾಗೆಂದವರ ಜೊತೆ ಮಾತು ಬೆಳೆಸುವುದಾದರೂ ಹೇಗೆ ಸ್ವಾಮಿ?

ಆ ಕೊರತೆ ನೀಗಿದ್ದು ಕೊರೋನಾ ಬಂದ ಮೇಲೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಒಂಟಿಯಾಗಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಬಾರದೆಂದು ಸರ್ಕಾರ ಹೇಳಿದಾಗ, ಅವರು ಹಿತ್ತಲಿಗೆ ಒಂದು ಕುರ್ಚಿ ತಂದು ಹಾಕಿಕೊಂಡರು. ನಮ್ಮೆರಡು ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆ. ಗೋಡೆಯ ಈಚೆ ನಾನೂ ಒಂದು ಕುರ್ಚಿ ಹಾಕಿಕೊಂಡೆ. ಇಲ್ಲಿಯವರು ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ. ನಾನು ‘ಟೀಚರ್’ ಅಂದೆ, ನನ್ನ ಎಂಟು ವರ್ಷದ ಮಗಳು ‘ಅಜ್ಜಿ’ ಅಂದಳು. ಆ ಎರಡು ಹೆಸರೂ ಅವರಿಗೆ ಹಿಡಿಸಿದವು.

ಸತ್ಯನಾರಾಯಣ ಪೂಜೆ ಮಾಡಿದ ದಿನ ಮಗಳು ಒಂದು ತಟ್ಟೆಯಲ್ಲಿ ಸಪಾದಭಕ್ಷ್ಯ ತಂದು ಗೋಡೆಯ ಮೇಲಿಟ್ಟು ಹಿಂದೆ ಸರಿದಳು. ಆಗ ಎಲ್ಲರೂ ಹಾಗೆಯೇ ತಾನೆ, ಇಡುವುದು, ಸರಿಯುವುದು. ಪೂಜೆಗೆ ಬರಲಾಗದವರಿಗೆ ಪ್ರಸಾದವೇ ಮನೆಗೆ ಹೋಗಬೇಕು ಎಂದು ನಾನು ಅವಳಿಗೆ ಹೇಳಿಕೊಟ್ಟಿದ್ದೆ. ಟೀಚರ್ ಅದನ್ನು ಎಡ ಅಂಗೈಗೆ ಹಾಕಿಕೊಂಡು, ಬಲ ಅಂಗೈಯನ್ನು ಅದರ ಕೆಳಗಿಟ್ಟುಕೊಂಡರು. ಚರ್ಚಿನಲ್ಲಿ ಹಿಡಿದು ಬಂದ ಅಭ್ಯಾಸ. ಮಗಳು ಸುಮ್ಮನಿರಲಿಲ್ಲ. ‘ರಾಂಗ್ ಹ್ಯಾಂಡ್, ಅಜ್ಜಿ!’ ಎಂದು ಐರಿಷ್ ರಾಗದಲ್ಲಿ ಗದರಿದಳು. ಬಲಗೈ ಮೇಲೆ ಬರಬೇಕು, ಖಾಲಿ ತಟ್ಟೆ ವಾಪಸ್ ಕೊಡಬಾರದು ಎಂಬ ಎರಡು ಶಾಸ್ತ್ರ ಆವತ್ತೇ ಪಾಠವಾದವು. ತಟ್ಟೆ ಸ್ಕೋನ್ ಎಂಬ ಇಲ್ಲಿಯ ಬನ್ನುಗಳನ್ನು ತುಂಬಿಕೊಂಡು ಬಂತು. ಬಲಗೈ ಮಾತ್ರ ಆಮೇಲೂ ಪ್ರತಿ ಸಲ ಕೆಳಗೇ ಹೋಗುತ್ತಿತ್ತು.

ನಮ್ಮ ವಾದ ಶುರುವಾದದ್ದು ಶಾಲೆಯ ಪಾಠದಿಂದ. ಈ ಊರಿನಲ್ಲಿ ಮಗಳಿಗೆ ಸೀಟು ಸಿಕ್ಕಿದ್ದು ಕ್ಯಾಥೊಲಿಕ್ ಶಾಲೆಯಲ್ಲಿ. ಮಗಳ ತರಗತಿಯ ಮಕ್ಕಳಿಗೆಲ್ಲ ಆ ಮೇ ತಿಂಗಳಲ್ಲಿ ಮೊದಲ ಪರಮಪ್ರಸಾದ ಆಗಬೇಕಿತ್ತು. ಬಿಳಿ ಫ್ರಾಕು ಹಾಕಿಕೊಂಡು ಚರ್ಚಿಗೆ ಹೋಗಿ, ಪಾದ್ರಿಯಿಂದ ಮೊದಲ ಸಲ ಆ ತೆಳು ರೊಟ್ಟಿಯನ್ನು ಸ್ವೀಕರಿಸುವ ದಿನ. ಕೊರೋನಾದಿಂದ ಅದು ಮುಂದಕ್ಕೆ ಹೋಯಿತು. ಪಾಠ ಮಾತ್ರ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ನಾವು ಹಿಂದೂಗಳಾದ್ದರಿಂದ ನನ್ನ ಮಗಳಿಗೆ ಅದು ಇಲ್ಲ. ‘ಏನಮ್ಮಾ ಅದು?’ ಎಂದು ಕೇಳಿದಳು. ‘ಅವರ ಪ್ರಸಾದ ಕಣೆ’ ಎಂದು ಹೇಳಿ ಸಾರಿಗೆ ಒಗ್ಗರಣೆ ಹಾಕಲು ಹೋದೆ.

ಸಂಜೆ ಗೋಡೆಯ ಹತ್ತಿರ ಅದೇ ಮಾತು ಬಂದು, ಯೇಸುವಿನ ತನಕ ಬೆಳೆಯಿತು.

‘ಟೀಚರ್, ಬೆಟ್ಟದ ಮೇಲೆ ಕೂತು ಬಡವರಿಗೆ ಕತೆ ಹೇಳ್ತಿದ್ದ ಯೇಸುವನ್ನ ಲೋಗೋಸ್ ಮಾಡಿದ್ದು ಯಾರು? ಜಗತ್ತನ್ನ ಒಂದು ಕ್ರಮದಲ್ಲಿ ಹಿಡಿದಿಟ್ಟಿರೋ ವಿವೇಕಕ್ಕೆ ಲೋಗೋಸ್ ಅಂತ ಹೆಸರಿಟ್ಟಿದ್ದು ನಮ್ಮ ಗ್ರೀಕರು.’

‘ನಿಮ್ಮ ಗ್ರೀಕರಾ? ಯಾವಾಗಿಂದ?’

‘ಪಾಠ ಮಾಡಿದೀನಲ್ಲ, ನಮ್ಮೋರೇ. ಆತ್ಮದ ವಿಷ್ಯ ತಗೊಳ್ಳಿ. ಹಳೇ ಯೆಹೂದಿಗಳ ಪ್ರಕಾರ ಸತ್ತೋರು ಮಣ್ಣಲ್ಲಿ ಮಲಗಿರ್ತಾರೆ, ಮೈ ಸಮೇತ ಏಳೋ ದಿನಕ್ಕೆ ಕಾಯ್ತಾರೆ. ಮೈ ಬಿಟ್ಟು ಹಾರಿಹೋಗೋ ಆತ್ಮ ಅಥೆನ್ಸಿಂದ ಬಂದಿದ್ದು. ತಂದೆಯಾದ ದೇವರು, ಮಗ ಯೇಸು ಒಂದೇ ಸತ್ತ್ವವೋ, ಬರೀ ಹೋಲಿಕೆಯೋ ಅಂತ ನಿಮ್ಮ ಬಿಷಪ್‌ಗಳು ಕಿತ್ತಾಡಿದ್ರಲ್ಲ, ಆ ‘ಸತ್ತ್ವ’ ಅನ್ನೋ ಮಾತೂ ಗ್ರೀಕರ ಉಗ್ರಾಣದ್ದೇ. ಇನ್ನು ನಿಮ್ಮ ಡಿಸೆಂಬರ್ ಹಬ್ಬ ಮೊದಲು ಸೂರ್ಯನದು...’

‘ಅದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಇಂಟರ್‌ನೆಟ್ ಕಡಿಮೆ ಓದು,’ ಎಂದರು ಟೀಚರ್. ಉಳಿದದ್ದನ್ನು ಅವರು ಅಲ್ಲಗಳೆಯಲಿಲ್ಲ. ಕಪ್ಪಿನಲ್ಲಿದ್ದ ಟೀ ಮುಗಿಸಿ ನಿಧಾನವಾಗಿ ಹೇಳಿದರು: ‘ಪಾತ್ರೆ ಗ್ರೀಕರದ್ದು, ಒಪ್ಪಿದೆ. ಮನೆಯಲ್ಲಿ ಪಾತ್ರೆ ಇಲ್ಲದೋರು ಪಕ್ಕದ ಮನೆಯಿಂದ ತರ್ತಾರೆ. ಅಡುಗೆ ಯಾರದು ಹೇಳು.’

‘ಇಂಗಿನ ಡಬ್ಬಿಯಲ್ಲಿ ಸಕ್ಕರೆ ಹಾಕಿಟ್ಟು ಪಾಯಸ ಮಾಡಿ ನೋಡಿ ಟೀಚರ್. ಪಾತ್ರೆ ವಾಸನೆ ಅಡುಗೆಗೆ ಹತ್ತದೇ ಇರುತ್ತಾ?’

‘ಹತ್ತಲ್ಲ.’

‘ಹತ್ತುತ್ತೆ.’

ಆಹಾ, ಎಷ್ಟು ವರ್ಷದ ಮೇಲೆ ಊಟ ಮಾಡಿದ ಹಾಗಿತ್ತು! ಆ ಬೇಸಿಗೆಯೆಲ್ಲ ನಾವು ‘ಹತ್ತಲ್ಲ’, ‘ಹತ್ತುತ್ತೆ’ ಎಂದುಕೊಂಡೇ ಕಳೆದೆವು. ಫೆಬ್ರವರಿಯಲ್ಲಿ ಮಗಳು ಶಾಲೆಯಿಂದ ತಂದಿದ್ದ ಜೊಂಡಿನ ಶಿಲುಬೆ ನಮ್ಮ ಅಡುಗೆಮನೆ ಬಾಗಿಲ ಮೇಲೆ, ಪ್ಲಾಸ್ಟಿಕ್ ಮಾವಿನ ತೋರಣದ ಪಕ್ಕದಲ್ಲೇ ತೂಗುತ್ತಿತ್ತು. ಅದು ಯಾವ ಸಂತಳ ಹೆಸರಿನದೋ ಆ ಸಂತಳು ಮೊದಲು ಈ ನಾಡಿನ ಬೆಂಕಿಯ ದೇವಿಯಾಗಿದ್ದಳಂತೆ ಎಂದು ಕೆಣಕಿದೆ. ‘ಇರಬಹುದು. ದೇವಿಯೂ ಒಳ್ಳೇ ಹೆಂಗಸೇ ಇದ್ದಿರಬೇಕು,’ ಎಂದುಬಿಟ್ಟರು. ಇನ್ನೊಂದು ಸಲ, ಎರಡನೆಯ ಶತಮಾನದಲ್ಲಿದ್ದ ಒಬ್ಬನ ವಿಷಯ ಹೇಳಿದರು. ಅವನು ಕ್ರೈಸ್ತನಾದ ಮೇಲೂ ತತ್ವಜ್ಞಾನಿಗಳ ನಿಲುವಂಗಿಯನ್ನು ಬಿಡಲಿಲ್ಲವಂತೆ. ಆ ಲೋಗೋಸಿನ ಬೀಜ ಎಲ್ಲ ಮನುಷ್ಯರಲ್ಲೂ ಬಿದ್ದಿದೆ, ಯೇಸುವಿಗೆ ಮುಂಚೆ ಹುಟ್ಟಿ ವಿವೇಕದಿಂದ ಬದುಕಿದವರೂ ನಮ್ಮವರೇ ಎನ್ನುತ್ತಿದ್ದನಂತೆ. ಆ ಕಾಲದಲ್ಲಿ ಭಾನುವಾರ ಕೂಟಕ್ಕೆ ಬರಲಾಗದವರಿಗೆ ರೊಟ್ಟಿಯನ್ನು ಮನೆಗೇ ಒಯ್ದು ಕೊಡುತ್ತಿದ್ದರು ಎಂಬುದೂ ಅವನು ಬರೆದಿಟ್ಟದ್ದರಿಂದಲೇ ಗೊತ್ತಂತೆ.

‘ಹಾಗಾದ್ರೆ ನಾನೂ ನಿಮ್ಮೋಳೇನಾ ಟೀಚರ್?’

‘ವಿವೇಕದಿಂದ ಬದುಕು, ಆಮೇಲೆ ನೋಡೋಣ.’

ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ನಾನು ಇನ್ನೂ ಪಾತ್ರೆಯ ಮಾತೇ ಆಡುತ್ತಿದ್ದೆ. ಟೀಚರ್ ಕೈಯೆತ್ತಿ ತಡೆದರು.

‘ಪಾತ್ರೆ ವಿಷಯ ಸಾಕು. ನನಗೆ ಹಸಿವಾಗಿದೆ.’

ನನಗೆ ಅರ್ಥವಾಗಲಿಲ್ಲ. ಉಪ್ಪಿಟ್ಟು ತರಲೇ ಎಂದೆ. ಅವರು ನಕ್ಕರು, ಆಮೇಲೆ ಹೇಳಿದರು. ಏಳನೆಯ ವಯಸ್ಸಿನಿಂದ ಒಂದು ಭಾನುವಾರವೂ ಪರಮಪ್ರಸಾದ ತಪ್ಪಿಸಿದವರಲ್ಲ. ಮಾರ್ಚಿನಿಂದ ಒಂದು ಚೂರೂ ಇಲ್ಲ. ಚರ್ಚಿನ ಪೂಜೆ ಟ್ಯಾಬ್ಲೆಟ್‌ನಲ್ಲಿ ಬರುತ್ತದೆ. ಪರದೆಯ ಮೇಲೆ ಪಾದ್ರಿ ತಾನು ಸ್ವೀಕರಿಸುವುದನ್ನು ಇವರು ಕೂತು ನೋಡಬೇಕು. ಚರ್ಚು ಈಗ ತೆರೆದಿದೆ, ಆದರೆ ಇವರ ಹೃದಯಕ್ಕೆ ಸೋಂಕು ತಗುಲಿದರೆ ಕಷ್ಟವೆಂದು ಡಾಕ್ಟರು ಗುಂಪಿಗೆ ಹೋಗಬೇಡಿ ಎಂದಿದ್ದಾರೆ. ಮನೆಗೆ ತಂದು ಕೊಡಬೇಕಾದ ಪಾದ್ರಿಗೇ ಎಪ್ಪತ್ತು ದಾಟಿದೆ, ಅವರೂ ಒಳಗೇ ಇದ್ದಾರೆ.

‘ಇನ್ನೆರಡು ವಾರಕ್ಕೆ ಸೋಮವಾರ ಡಬ್ಲಿನ್ನಿನಲ್ಲಿ ಆಪರೇಷನ್, ಹೃದಯದ ಕವಾಟದ್ದು. ಅಲ್ಲಿ ಪಾದ್ರಿನ ಒಳಗೆ ಬಿಡ್ತಾರೋ ಇಲ್ವೋ. ಸಾಯೋಕೆ ಹೆದರಿಕೆ ಇಲ್ಲ ಕಣಮ್ಮ. ಹಸ್ಕೊಂಡು ಸಾಯೋಕೆ ಹೆದರಿಕೆ.’

ಹಿಂದೆ ಉಯ್ಯಾಲೆಯಲ್ಲಿ ಕೂತಿದ್ದ ಮಗಳು ಜೀಕುವುದನ್ನು ನಿಲ್ಲಿಸಿದ್ದು ನನಗೆ ಆಮೇಲೆ ನೆನಪಾಯಿತು.

ಮುಂದಕ್ಕೆ ಹೋಗಿದ್ದ ಮೊದಲ ಪರಮಪ್ರಸಾದವನ್ನು ಆ ಸೋಮವಾರಕ್ಕೆ ಮುಂಚಿನ ಶನಿವಾರ ಇಟ್ಟುಕೊಂಡರು. ನನ್ನ ಮಗಳು ಡಾಕ್ಟರು, ನರ್ಸುಗಳಿಗಾಗಿ ಒಂದು ಪ್ರಾರ್ಥನೆ ಓದಬೇಕಿತ್ತು. ಅಷ್ಟೇ ಅವಳ ಕೆಲಸ. ಎಲ್ಲರೂ ಸಾಲಾಗಿ ಹೋಗುವಾಗ ನೀನೂ ಹೋಗು, ಎದೆಯ ಮೇಲೆ ಕೈ ಕಟ್ಟಿಕೊಂಡು ನಿಲ್ಲು, ಪಾದ್ರಿ ಆಶೀರ್ವಾದ ಮಾತ್ರ ಮಾಡುತ್ತಾರೆ ಎಂದು ಶಾಲೆಯಲ್ಲಿ ಹೇಳಿದ್ದರು. ಒಳಗೆ ಜನ ಕಡಿಮೆ ಇರಬೇಕಾದ್ದರಿಂದ ನಾನು ಕಾರಿನಲ್ಲೇ ಕಾದೆ. ನಮ್ಮೂರ ಪಾದ್ರಿಯ ಬದಲು ಬೇರೆ ಊರಿನಿಂದ ಯುವ ಪಾದ್ರಿಯೊಬ್ಬರು ಬಂದಿದ್ದರು. ಅವರಿಗೆ ಯಾವ ಮಗುವಿನ ಗುರುತೂ ಇರಲಿಲ್ಲ.

ಮಗಳು ಮುಷ್ಟಿ ಬಿಗಿಹಿಡಿದು ಬಂದು ಕಾರಿನಲ್ಲಿ ಕೂತಳು. ಬೆಲ್ಟ್ ಹಾಕಿಕೊಳ್ಳಲೂ ಆ ಕೈ ಬಿಚ್ಚಲಿಲ್ಲ.

‘ಏನೇ ಅದು?’

‘ಇಟ್ಸ್ ಫಾರ್ ಅಜ್ಜಿ. ಪ್ರಸಾದ.’

ಅಯ್ಯೋ ಭಗವಂತ! ಕೈ ಕಟ್ಟಿಕೊಳ್ಳುವ ಬದಲು ಇವಳು ಬಲ ಅಂಗೈ ಮೇಲೆ ಮಾಡಿ ಚಾಚಿದ್ದಾಳೆ. ಪಾದ್ರಿ ಅದರ ಮೇಲೆ ರೊಟ್ಟಿ ಇಟ್ಟಿದ್ದಾರೆ. ಇವಳು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿ ಮುಚ್ಚಿ ನಡೆದು ಬಂದಿದ್ದಾಳೆ.

‘ಅದನ್ನ ಹಾಗೆಲ್ಲ ತರಬಾರದು ಕಣೇ!’ ಎಂದು ಕಿರುಚಿದೆ.

ಅವಳಿಗೆ ಕಣ್ಣಲ್ಲಿ ನೀರು ಬಂತು. ಕೇಳಿದಳು, ‘ಬರೋಕಾಗದೋರಿಗೆ ತಗೊಂಡು ಹೋಗ್ಬೇಕು ಅಂತ ನೀನೇ ಹೇಳಿದ್ದಲ್ವಾ?’

ಹೇಳಿದ್ದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, ಅವನು ಶನಿವಾರವೂ ಬಿಡದ ಮೀಟಿಂಗಿನ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, ‘ಪ್ರಸಾದ ತಾನೆ, ಕಣ್ಣಿಗೊತ್ಕೊಂಡು ತಿಂದ್ಬಿಡಿ,’ ಎಂದ. ಇವನ ತಲೆ! ಹೊರಗಿನ ರುಚಿ, ಬಣ್ಣ ರೊಟ್ಟಿಯದೇ ಉಳಿದು ಒಳಗಿನ ಸತ್ತ್ವ ದೇವರ ಮೈಯೇ ಆಗುತ್ತದೆ ಎಂಬ ಕ್ಯಾಥೊಲಿಕರ ನಂಬಿಕೆಯನ್ನು ನಾನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದವಳು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೂ ಅದನ್ನು ಟಿಶ್ಯೂ ಕಾಗದದ ಮೇಲಿಡಲು ನನ್ನಿಂದ ಆಗಲಿಲ್ಲ. ದೇವರ ಗೂಡಿನಿಂದ ತೀರ್ಥದ ಬೆಳ್ಳಿ ಬಟ್ಟಲು ತೆಗೆದು, ಒರೆಸಿ, ಅದರಲ್ಲಿಟ್ಟೆ. ನೇರವಾಗಿ ಚರ್ಚಿಗೆ ಒಯ್ದು ಒಪ್ಪಿಸುವುದೇ ಸರಿ ಅನ್ನಿಸಿತು. ಟೀಚರಿಗೆ ಹೇಳದೆ ಹಾಗೆ ಮಾಡುವುದು ಹಸಿದವರ ಮನೆ ಮುಂದೆ ತಟ್ಟೆ ಮುಚ್ಚಿಕೊಂಡು ಹೋದ ಹಾಗೆ ಅಂತಲೂ ಅನ್ನಿಸಿತು. ಹೇಳಿದರೆ ಅವರಿಗೆ ನೋವಾಗಬಹುದು. ಈ ಊರಿನಲ್ಲಿ ನನಗಿದ್ದ ಒಬ್ಬರೇ ಒಬ್ಬರು ಗೆಳತಿ ಕೈತಪ್ಪಬಹುದು. ಕೊನೆಗೆ ಬಟ್ಟಲು ಹಿಡಿದು ಹಿತ್ತಲಿಗೆ ಹೋದೆ.

ನಡೆದದ್ದನ್ನೆಲ್ಲ ಹೇಳಿ, ಬಟ್ಟಲನ್ನು ಗೋಡೆಯ ಮೇಲಿಟ್ಟು, ಮಗಳೂ ನಾನೂ ಹಿಂದೆ ಸರಿದೆವು. ಟೀಚರ್ ಕುರ್ಚಿ ಹಿಡಿದು ಎದ್ದು ಬಂದು ಬಟ್ಟಲೊಳಗೆ ನೋಡಿದರು.

‘ಮಗು, ನೀನು ಒಂಚೂರೂ ತಿನ್ನಲಿಲ್ವಾ?’

‘ಇಲ್ಲ. ಇದು ನಿಮಗೆ.’

ಅವರು ನನ್ನ ಕಡೆ ತಿರುಗಿದರು. ‘ಏನು ಮಾಡ್ಲಿ ಹೇಳು.’

‘ಬರಲಾಗದೋರಿಗೆ ಮನೆಗೆ ಒಯ್ತಿದ್ರು ಅಂತ ನೀವೇ ಹೇಳಿದ್ರಿ, ಟೀಚರ್.’

‘ಒಯ್ತಿದ್ದೋರು ದೀಕ್ಷಾಸ್ನಾನ ಆಗಿ ಕ್ರೈಸ್ತರಾದೋರು,’ ಎಂದರು ಥಟ್ಟನೆ. ಅಂಥ ಹೊತ್ತಿನಲ್ಲೂ ತಪ್ಪು ತಿದ್ದದೆ ಬಿಡುವವರಲ್ಲ. ‘ಇವಳಿಗೆ ಆಗಿಲ್ಲ.’

‘ಆಗಿಲ್ಲ. ವಾಪಸ್ ಒಯ್ದು ಕೊಡ್ತೀನಿ, ಈಗ್ಲೇ.’

ಗಾಳಿಗೆ ಅದು ಹಾರಿಹೋಗದಂತೆ ಅವರು ಬಟ್ಟಲಿಗೆ ಕೈ ಅಡ್ಡ ಹಿಡಿದರು. ಆಮೇಲೆ ಅವರು ಎರಡು ಕೈಯನ್ನೂ ಮುಂದೆ ಚಾಚಿದರು. ಎಡಗೈ ಮೇಲಿತ್ತು. ಮಗಳು ಬಾಯಿ ತೆರೆಯುವ ಮೊದಲೇ ಅವರೇ ನೋಡಿಕೊಂಡು, ಕೈ ಬದಲಿಸಿ ಬಲಗೈ ಮೇಲೆ ಮಾಡಿದರು. ಮಗಳು ದೂರಗೀರ ಎಲ್ಲ ಮರೆತು ಗೋಡೆಯ ಹತ್ತಿರ ಓಡಿ, ಬಟ್ಟಲಿನಿಂದ ಎತ್ತಿ ಆ ಅಂಗೈ ಮೇಲಿಟ್ಟಳು. ನಾನು ತಡೆಯಲಿಲ್ಲ. ಟೀಚರ್ ಅದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಖಾಲಿ ಬಟ್ಟಲನ್ನೂ ತೆಗೆದುಕೊಂಡು, ಒಂದು ಮಾತೂ ಆಡದೆ ಒಳಗೆ ಹೋದರು.

ಭಾನುವಾರ ಅವರು ಹಿತ್ತಲಿಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದಾಗ ಟ್ಯಾಕ್ಸಿ ಹೊರಟೇಹೋಗಿತ್ತು. ನಾನು ಅತ್ತೆ. ಆಪರೇಷನ್ನಿಗಾಗಿ ಅತ್ತೆನೋ, ಅವರ ಮೌನಕ್ಕೆ ಅತ್ತೆನೋ, ಎರಡಕ್ಕೂ ಇರಬೇಕು. ಆಸ್ಪತ್ರೆಗೆ ಫೋನ್ ಮಾಡಿದರೆ ಮನೆಯವರಿಗೆ ಮಾತ್ರ ಹೇಳುತ್ತೇವೆ ಎಂದರು. ಮಗಳು ದಿನಾ ಸ್ಕೂಲಿನಿಂದ ಬಂದವಳೇ ಗೋಡೆಯ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಖಾಲಿ ಕುರ್ಚಿಯ ಮೇಲೆ ಎಲೆಗಳು ಬೀಳತೊಡಗಿದವು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ ಟೀಚರ್ ಅದೇ ಕುರ್ಚಿಯಲ್ಲಿ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ಗೋಡೆಯ ಮೇಲೆ ನಮ್ಮ ಬೆಳ್ಳಿ ಬಟ್ಟಲು, ಅದರ ತುಂಬ ಹ್ಯಾಲೋವೀನ್ ಹಬ್ಬಕ್ಕೆ ಮಕ್ಕಳಿಗಾಗಿ ತಂದ ಚಾಕಲೇಟು.

‘ಹೇಗಿದೀರಾ ಟೀಚರ್?’

‘ಗ್ರ್ಯಾಂಡ್,’ ಎಂದರು. ಆ ಮಾತು ನನಗೆ ಅಷ್ಟು ಇಷ್ಟವಾದದ್ದು ಅದೇ ಮೊದಲು.

ನಾನು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಕೇಳಿಯೇ ಬಿಟ್ಟೆ: ‘ಆವತ್ತಿನದನ್ನ ಪಾದ್ರಿ ಹತ್ರ ತಪ್ಪೊಪ್ಪಿಗೆ ಹೇಳ್ಕೊಂಡ್ರಾ?’

‘ಆಸ್ಪತ್ರೆಗೆ ಒಬ್ಬರು ಬಂದಿದ್ರು. ಹೇಳೋಣ ಅಂತ ಬಾಯಿ ತೆರೆದೆ. ಪಾಪ ಅಂತ ಅನ್ನಿಸಿದ್ರೆ ತಾನೆ ಹೇಳೋದು? ಅನ್ನಿಸಲಿಲ್ಲ. ಸಿಟ್ಟು ಮಾಡ್ಕೊಂಡಿದ್ದು ಒಂದೆರಡು ಹೇಳಿ ಕಳಿಸಿದೆ.’

ಆಮೇಲೆ ಬಟ್ಟಲಿನ ಕಡೆ ಕೈ ತೋರಿಸಿದರು. ‘ಅದರಲ್ಲಿ ಏನಿಡ್ತೀಯಾ ನೀನು?’

‘ತೀರ್ಥ. ಪಚ್ಚಕರ್ಪೂರ, ತುಳಸಿ ಹಾಕಿ.’

‘ಅದೇ ಅಂದ್ಕೊಂಡೆ. ನೀನೇ ಗೆದ್ದೆ ಹೋಗು, ಪಾತ್ರೆ ವಾಸನೆ ಹತ್ತುತ್ತೆ. ಆಪರೇಷನ್ ಟೇಬಲ್ ಮೇಲೆ ಮಲಗಿಸಿದಾಗಲೂ ಬಾಯಲ್ಲಿ ನಿಮ್ಮ ಕರ್ಪೂರದ ವಾಸನೆಯೇ ಇದ್ದ ಹಾಗಿತ್ತು.’ ಶಾಲು ಎಳೆದುಕೊಂಡು ನಕ್ಕರು. ‘ಆದ್ರೆ ಹಸಿವು ಹೋಗಿತ್ತು ಕಣಮ್ಮ.’