ಜೇವರ್ಗಿ ಸ್ಟ್ಯಾಂಡಿನಲ್ಲಿ ಊದಿದ ಕಣ್ಣು

ಯಡ್ರಾಮಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಜೇವರ್ಗಿ ಬಸ್ ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ನಾನೊಬ್ಬಳೇ ಗಿರಾಕಿ. ಮೂರು ದಿನದ ಹಿಂದೆ ತಾಷ್ಕೆಂಟಿನ ಜೂಡೋ ಪಂದ್ಯದಲ್ಲಿ ಮೊದಲ ಸುತ್ತಿಗೇ ಸೋತಿದ್ದೆ. ಎದುರಾಳಿ ನನ್ನನ್ನು ಎತ್ತಿ ಒಗೆದಾಗ ಅವಳ ಮೊಣಕೈ ತಾಗಿ ಎಡಗಣ್ಣು ಊದಿ ನೀಲಿಗಟ್ಟಿತ್ತು. ಹಲವು ವರ್ಷಗಳಿಂದ ದೇಶಕ್ಕಾಗಿ ಆಡುತ್ತಿದ್ದೇನೆ. ಗೆದ್ದು ಬಂದಾಗ ಹೂಮಾಲೆ ಹಿಡಿದು ಕಾಯುವವರಿರುತ್ತಾರೆ. ಈ ಸಲ ವಿಮಾನ ಇಳಿದಾಗಿನಿಂದ ಯಾರೂ ಮಾತಾಡಿಸಿರಲಿಲ್ಲ.

ಅಂಗಡಿಯಾಕೆ ಐವತ್ತು ದಾಟಿದ ಹೆಂಗಸು. ಚಹಾ ಕೊಟ್ಟವಳು ಒಲೆಯ ಕಡೆಗೆ ಹೋಗದೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಯಾರ ಹೊಡದಾರ ಬೇ?"

"ಯಾರೂ ಹೊಡದಿಲ್ರಿ. ಆಟದಾಗ ಬಿದ್ದೇನಿ."

ಅವಳು ನಂಬಲಿಲ್ಲ. ದನಿ ತಗ್ಗಿಸಿ ಹೇಳಿದಳು: "ನಾನೂ ಹಂಗ ಹೇಳ್ತಿದ್ದೆ. ಗಂಡ ಇರೂತನಕ ಕೇಳಿದವ್ರಿಗೆಲ್ಲಾ ಬಿದ್ದೇನಿ ಅಂತಿದ್ದೆ."

ಚೀಲದಲ್ಲಿ ದೇಶದ ಹೆಸರು ಬರೆದ ನನ್ನ ಜಾಕೆಟ್ಟಿತ್ತು. ತೋರಿಸೋಣವೆಂದು ಅರ್ಧ ಹೊರಗೆಳೆದೆ. ಅವಳ ಮುಖ ನೋಡಿ ಮತ್ತೆ ಒಳಗೆ ತುರುಕಿದೆ.

ಅವಳು ಸೆರಗಿನ ತುದಿಯನ್ನು ಕೊಡದ ತಣ್ಣೀರಿನಲ್ಲಿ ಅದ್ದಿ, ಪಕ್ಕದಲ್ಲಿ ಕುಳಿತು ನನ್ನ ಕಣ್ಣಿಗೆ ಒತ್ತಿದಳು.

"ನೋಯಾಕತ್ತದೇನು?"

ಪಂದ್ಯ ಮುಗಿದಾಗ ಕೋಚ್ ಇದನ್ನೇ ಕೇಳಿದ್ದರು. ಇಲ್ಲ ಸರ್ ಎಂದಿದ್ದೆ.

"ಭಾಳ ನೋಯಾಕತ್ತದ್ರಿ," ಅಂದೆ.