ಇಲ್ಲದ ಮಹಡಿಯ ಕಂದಾಯ

ನಮ್ಮನೆಯವರು ತೀರಿಕೊಂಡ ನಾಲ್ಕನೇ ತಿಂಗಳು, ಮನೆಯ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಲು ನಗರಸಭೆಗೆ ಹೋದೆ. ಮರಣ ಪತ್ರ, ವಂಶವೃಕ್ಷ, ಹಳೆಯ ರಸೀದಿಗಳು, ಎಲ್ಲವೂ ಸೀರೆ ಅಂಗಡಿಯ ಚೀಲವೊಂದರಲ್ಲಿದ್ದವು. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರು ನೋಡಿ ಕೇಳಿದಳು, "ಅಮ್ಮ, ಕೆಳಗಿನ ಮನೆ ಫೋಟೋ ಇದೆ. ಮಹಡೀದು ಎಲ್ಲಿ?"

"ಮಹಡಿ ಇಲ್ಲಮ್ಮ."

"ವರ್ಷಾವರ್ಷ ಮಹಡಿಗೂ ಕಂದಾಯ ಕಟ್ಕೊಂಡ್ ಬಂದಿದೀರಲ್ಲ."

"ಕಟ್ಟಿದೀವಿ. ಮಹಡಿ ಇಲ್ಲ."

"ಕೆಡವಿಬಿಟ್ರಾ? ಕೆಡವಕ್ಕೆ ಪರ್ಮಿಷನ್ ತಗೊಂಡಿದ್ರಾ?"

ಗಂಡ ಸತ್ತವಳು ಕಚೇರಿಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಅಳುತ್ತಿದ್ದೇನೆ ಎಂದುಕೊಂಡು ಅವಳು ನೀರಿನ ಬಾಟಲಿ ಮುಂದಿಟ್ಟಳು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮುಂದಿನ ಅರ್ಧದಲ್ಲಿ ನಾವು, ಹಿಂದಿನ ಅರ್ಧದಲ್ಲಿ ಹುಳುಗಳು. ಅವುಗಳ ಭಾಗಕ್ಕೆ ಗಾಳಿಯಾಡಲೆಂದು ಸೂರು ಎತ್ತರ, ಸೂರಿನ ಕೆಳಗೆ ಇನ್ನೊಂದು ಸಾಲು ಕಿಟಕಿ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದ ದಿನ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನನ್ನ ತವರಿನವರನ್ನೇ ಬೀದಿಯಲ್ಲಿ ನಿಲ್ಲಿಸಿ ಕಾಫಿ ಕೊಟ್ಟದ್ದುಂಟು.

ಬಹಳ ವರ್ಷಗಳ ಹಿಂದೆ ನಗರಸಭೆಯವರು ಅಳತೆಗೆ ಬಂದದ್ದು ಅಂಥ ದಿನವೇ. ನಮ್ಮನೆಯವರು ಬಾಗಿಲಿಗೆ ಅಡ್ಡ ನಿಂತು, "ಆಚೆಯಿಂದಲೇ ಬರ್ಕೊಳಿ ಸ್ವಾಮಿ, ಹುಳ ಜ್ವರಕ್ಕೆ ಕೂತಿದಾವೆ" ಎಂದರು. ಬಂದಾತ ರಸ್ತೆಯಲ್ಲಿ ನಿಂತು, ಎರಡು ಸಾಲು ಕಿಟಕಿ ಎಣಿಸಿ, ಎರಡು ಅಂತಸ್ತು ಎಂದು ಬರೆದುಕೊಂಡ. ಇವರ ಕನ್ನಡಕ ಒಳಗಿತ್ತು. ಓದದೆ ಸಹಿ ಹಾಕಿದರು.

"ಹೋಗಿ ಸರಿ ಮಾಡ್ಸಿ ಅಂದ್ರೆ" ಎಂದು ನಾನು ಪ್ರತಿವರ್ಷ ಹೇಳುತ್ತಿದ್ದೆ.

"ಅವರು ಒಳಗೆ ಬಂದು ನೋಡ್ಬೇಕು ಕಣೇ. ಹುಳ ಇದಾವಲ್ಲ." ಒಂದು ಬೆಳೆ ಮುಗಿದು ಮನೆ ತೊಳೆಯುವಷ್ಟರಲ್ಲಿ ಸಾದಲಿ ಕಡೆಯಿಂದ ಮುಂದಿನ ಬೆಳೆಯ ಮರಿಹುಳುಗಳು ಬಂದಿರುತ್ತಿದ್ದವು. "ಪೋನೀಲೇ, ಹೋಗ್ಲಿ ಬಿಡು, ಪುಕ್ಕಟೆ ಮಹಡಿ ಕಟ್ಕೊಟ್ಟವ್ರೆ" ಎನ್ನುತ್ತಿದ್ದರು. ಜಗಳವಾದರೆ "ನಾನು ಮಹಡಿಗೋಗ್ತೀನಿ" ಎಂದು ಘೋಷಿಸಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತಿದ್ದರು.

ರಸೀದಿಯನ್ನು ನಾನು ಪೂರ್ತಿ ಓದಿದ್ದು ಅವರು ಹೋದ ಮೇಲೆ. ಕಟ್ಟಡದ ತೆರಿಗೆ, ಅದರ ಮೇಲೆ ಆರೋಗ್ಯಕ್ಕೊಂದು ಸೆಸ್, ಗ್ರಂಥಾಲಯಕ್ಕೊಂದು, ಭಿಕ್ಷುಕರಿಗೊಂದು. ಬಾಗಿಲಿಗೆ ಬಂದವರಿಗೆ "ಮುಂದಕ್ಕೋಗಪ್ಪ" ಎನ್ನುತ್ತಿದ್ದ ಮನುಷ್ಯ, ಇಲ್ಲದ ಮಹಡಿಯಿಂದ ಇಷ್ಟು ವರ್ಷ ದಾನ ಮಾಡಿದ್ದರು. ಅವರಿಗೆ ಇದನ್ನು ಹೇಳಿ ನಗಬೇಕೆನಿಸಿತು. ಹೇಳಲು ಅಡುಗೆಮನೆಯಿಂದ ಅರ್ಧ ದಾರಿ ಎದ್ದೂ ಬಂದೆ.

ಮನೆಯೊಳಗೆ ಬಂದು ನೋಡಿ ತಿದ್ದುವವರೆಗೂ ಖಾತೆ ಬದಲಾಗುವುದಿಲ್ಲ ಎಂದರು ನಗರಸಭೆಯವರು. ನೋಡಲು ಇನ್ಸ್‌ಪೆಕ್ಟರು ಬಂದಾಗ, ನಾನು ಒಬ್ಬಳೇ ಎತ್ತಿದ ಮೊದಲ ಬೆಳೆ ನಾಲ್ಕನೇ ಜ್ವರದಲ್ಲಿತ್ತು.

"ಎರಡು ದಿನ ಬಿಟ್ಟು ಬನ್ನಿ ಸಾರ್" ಎಂದೆ.

"ನಾಳೆಯಿಂದ ಎಲೆಕ್ಷನ್ ಡ್ಯೂಟಿ ಕಣಮ್ಮ. ಆಮೇಲೆ ಯಾವಾಗ ಬರ್ತೀನೋ ನಂಗೇ ಗೊತ್ತಿಲ್ಲ."

ನಮ್ಮನೆಯವರಾಗಿದ್ದರೆ ಬಾಗಿಲು ಹಾಕಿಬಿಡುತ್ತಿದ್ದರು. ನಾನು ಒಂದು ಬಕೆಟ್ ಬ್ಲೀಚಿಂಗ್ ನೀರು ತಂದಿಟ್ಟೆ. "ಕೈಕಾಲು ತೊಳ್ಕೊಳಿ. ಬಾಯಲ್ಲಿರೋದನ್ನ ಉಗೀರಿ. ಹೊಗೆಸೊಪ್ಪಿನ ಗಾಳಿ ತಗುಲಿದ್ರೂ ಸಾಯ್ತವೆ."

"ಆಸ್ಪತ್ರೆ ಐಸಿಯುಗೆ ಹೋದಾಗ್ಲೂ ಇಷ್ಟು ತೊಳೆದಿರ್ಲಿಲ್ಲಮ್ಮ" ಎಂದು ಗೊಣಗುತ್ತಾ ತೊಳೆದುಕೊಂಡರು. ಒಳಗಿನ ಓಡಾಟಕ್ಕೆಂದೇ ಇಟ್ಟಿದ್ದ ನಮ್ಮನೆಯವರ ಚಪ್ಪಲಿ ಬಾಗಿಲ ಬಳಿ ಹಾಗೇ ಇತ್ತು. ಅದನ್ನೇ ಕೊಟ್ಟೆ. ಇನ್ಸ್‌ಪೆಕ್ಟರಿಗೆ ದೊಡ್ಡದಾಯಿತು. ಕಾಲೆಳೆದುಕೊಂಡೇ ನಡೆದರು.

ಒಳಗೆ ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಕೂತಿದ್ದವು. ಇನ್ಸ್‌ಪೆಕ್ಟರು ದನಿ ತಗ್ಗಿಸಿದರು. "ಎಲ್ಲಾ ಸತ್ತೋಗಿದಾವಾ?"

"ಇಲ್ಲ. ನಾಳೆ ಏಳ್ತವೆ."

ಟೇಪಿನ ಒಂದು ತುದಿ ನಾನು ಹಿಡಿದೆ. ಅಳತೆ ಮುಗಿಯಿತು. ಸೂರು ನೋಡಿದರು, ಮೆಟ್ಟಿಲಿಗಾಗಿ ಮೂಲೆ ನೋಡಿದರು, ಹೊರಗೆ ಬಂದು ಜಗಲಿಯ ಮೇಲೆ ಕೂತು ಒಂದು ಹೇಳಿಕೆ ಬರೆದುಕೊಂಡರು. ನಾನು ಕನ್ನಡಕ ಹಾಕಿಕೊಂಡು ಓದಿದೆ. 'ನನ್ನ ಪತಿ ತಪ್ಪು ಮಾಹಿತಿ ನೀಡಿದ್ದು' ಎಂದು ಶುರುವಾಗಿತ್ತು.

"ಇದಕ್ಕೆ ಸಹಿ ಹಾಕಲ್ಲ" ಎಂದೆ.

"ಫಾರ್ಮ್ಯಾಲಿಟಿ ಅಷ್ಟೇ ಕಣಮ್ಮ. ಸತ್ತೋರಿಗೇನು ನೋಟೀಸ್ ಕಳಿಸ್ತೀವಾ?"

"ಅವರು ಮಾಹಿತೀನೇ ಕೊಟ್ಟಿಲ್ಲ. ನಿಮ್ಮೋರು ಬೀದೀಲಿ ನಿಂತು ಬರ್ಕೊಂಡ್ರು."

"ಹಂಗ್ ಬರೆದ್ರೆ ನಮ್ಮ ತಲೆ ಮೇಲೆ ಬರುತ್ತೆ."

"ಹಾಗಾದ್ರೆ ಇಬ್ಬರ ತಪ್ಪೂ ಬೇಡ. ಹಾಳೆ ಕೊಡಿ."

ಹತ್ತನೇ ಕ್ಲಾಸಿನ ನಂತರ ನಾನು ಇಷ್ಟು ನಿಧಾನವಾಗಿ ಬರೆದದ್ದಿಲ್ಲ. 'ಅಂದು ಮನೆಯಲ್ಲಿ ಹುಳುಗಳು ಜ್ವರದಲ್ಲಿದ್ದ ಕಾರಣ ಒಳಗೆ ಅಳತೆ ಆಗಲಿಲ್ಲ. ಈ ದಿನವೂ ಜ್ವರದಲ್ಲಿದ್ದು, ನಾನು ಒಳಗೆ ಬಿಟ್ಟಿರುತ್ತೇನೆ.'

ಇನ್ಸ್‌ಪೆಕ್ಟರು ಎರಡು ಸಲ ಓದಿದರು. "ಸಾಹೇಬ್ರು ಇದನ್ನ ಒಪ್ತಾರೋ ಇಲ್ವೋ" ಎನ್ನುತ್ತಾ ಮಡಿಸಿ ಫೈಲಿಗೆ ಹಾಕಿಕೊಂಡು ಗಾಡಿ ಹತ್ತಿದರು. ಹೇಳಿದಂತೆ ಹುಳುಗಳು ಮಾರನೆಯ ದಿನ ಎದ್ದವು. ಸಾಹೇಬರು ಒಪ್ಪಿದರು. ಖಾತೆ ನನ್ನ ಹೆಸರಿಗೆ ಬಂತು.