ಅಜ್ಜನ ಕೆಂಪು ಪಾದ

ಇವತ್ತು ಹರಪನಹಳ್ಳಿ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಯಾರದೋ ಕಾಂಪೌಂಡಿನಿಂದ ಮದರಂಗಿ ಹೂವಿನ ವಾಸನೆ ಘಮ್ಮೆಂದು ಬಂತು. ಕೂಡ್ಲಿಗಿ ಕಡೆಯ ನಮ್ಮಜ್ಜಿಯ ಹಿತ್ತಿಲು ಕಣ್ಮುಂದೆ ನಿಂತಿತು.

ಅಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಅಜ್ಜಿ ಮದರಂಗಿ ಕಡ್ಡಿ ನೆಟ್ಟಿದ್ದಳು. ಕುರಿ ಕಾಯುವ ಅಜ್ಜನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಕುಡಿಯಾಕ ನೀರಿಲ್ಲ, ಇದಕ್ಕೆಲ್ಲಿಂದ ಹಾಕ್ತಿ? ಕಿತ್ತು ಒಗಿತೀನಿ ನೋಡು" ಅನ್ನುತ್ತಿದ್ದ.

"ಮುಸುರಿ ನೀರು ಸಾಕ್ರಿ ಅದಕ್ಕ" ಅನ್ನುತ್ತಿದ್ದಳು ಅಜ್ಜಿ. ನಿಜಕ್ಕೂ ಅಷ್ಟೇ ನೀರಿನಲ್ಲಿ ಗಿಡ ಆಳೆತ್ತರ ಬೆಳೆದು ಹೂ ಬಿಟ್ಟಿತು.

ಒಂದು ಬೇಸಿಗೆಯಲ್ಲಿ ಅಜ್ಜ ಅಂಗಾಲು ಉರಿಯೆಂದು ನರಳುತ್ತಾ ಮನೆಗೆ ಬಂದ. ಅಜ್ಜಿ ಮದರಂಗಿ ಎಲೆ ಕೊಯ್ದು, ಒರಳಲ್ಲಿ ನುಣ್ಣಗೆ ರುಬ್ಬಿ, ಎರಡೂ ಪಾದಕ್ಕೆ ದಪ್ಪಗೆ ಮೆತ್ತಿದಳು. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜನನ್ನು ಕಂಡು ಪಕ್ಕದ ಮನೆಯಾಕೆ, "ಏನ್ರಿ ಮಾವ, ಇನ್ನೊಂದು ಮದ್ವಿ ಐತೇನ್ರಿ?" ಎಂದು ನಕ್ಕಳು. ಅಜ್ಜ ನಾಚಿ ಕಾಲ ಮೇಲೆ ಕಂಬಳಿ ಎಳೆದುಕೊಂಡ.

ಬೆಳಗಾಗುವಷ್ಟರಲ್ಲಿ ಉರಿ ತಣಿದಿತ್ತು. ಅಜ್ಜ ಕೆಂಪು ಪಾದದಲ್ಲೇ ಹಿತ್ತಿಲಿಗೆ ಹೋಗಿ, ಕುರಿಮರಿ ಬಾಯಿ ಹಾಕದಂತೆ ಗಿಡದ ಸುತ್ತ ಜಾಲಿಮುಳ್ಳು ಕಟ್ಟಿದ.

"ಯಾಕ್ರಿ, ಕೀಳಲಿಲ್ಲ?" ಎಂದಳು ಅಜ್ಜಿ.

"ಇರ್ಲಿ ಬಿಡು. ಮುಂದಿನ ವರ್ಷನೂ ಬ್ಯಾಸಿಗಿ ಬರ್ತೈತಲ್ಲ" ಎಂದ ಅಜ್ಜ.

ಆ ಕಾಂಪೌಂಡಿನವರನ್ನು ಕೇಳಿ ನಾನೂ ಒಂದು ಕಡ್ಡಿ ತಂದೆ. ಅದನ್ನು ನೆಟ್ಟು, ಮಣ್ಣಿನ ಕೈ ತೊಳೆದುಕೊಂಡು ಈಗ ಇದನ್ನು ಬರೆಯುತ್ತಿದ್ದೇನೆ.